ಚಿರತೆ ಹಾವಳಿ: ಬೋನಿನ ಖರ್ಚೋ, ಮುನ್ನೆಚ್ಚರಿಕೆಯ ಖರ್ಚೋ?

ತಿಪಟೂರು, ತುರುವೇಕೆರೆ ಹಾಗೂ ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ವ್ಯಾಪಾರಕ್ಕೆ ತೆಂಗೇ ಆಧಾರ. ತೋಟದಲ್ಲಿ ಕಾಯಿ ಕೀಳುವವರು, ಸುಲಿಯುವವರು, ರಾತ್ರಿ ವಿದ್ಯುತ್ ಬಂದಾಗ ನೀರು ಹಾಯಿಸಲು ಹೋಗುವ ರೈತರು, ನಸುಕಿನಲ್ಲೇ ನಾರಿನ ಘಟಕಗಳಿಗೂ ಕಾಯಿಪುಡಿ ಕಾರ್ಖಾನೆಗಳಿಗೂ ಬರುವ ಕಾರ್ಮಿಕರು, ಇವರೆಲ್ಲರ ದುಡಿಮೆಯ ಮೇಲೆ ಕೊಬ್ಬರಿ ಮಾರುಕಟ್ಟೆಯ ವಹಿವಾಟು ನಿಂತಿದೆ. ಚಿರತೆಯ ಭಯದಿಂದ ಇವರು ಹೊರಬರಲು ಹಿಂಜರಿದರೆ ನಷ್ಟವು ಅಂಗಡಿ ಮತ್ತು ಕಾರ್ಖಾನೆಗಳನ್ನೂ ತಟ್ಟುತ್ತದೆ. ಆದುದರಿಂದ ಇದು ಅರಣ್ಯ ಇಲಾಖೆಗೆ ಮಾತ್ರ ಸಂಬಂಧಿಸಿದ ವಿಷಯವೆಂದು ವರ್ತಕರು ಸುಮ್ಮನಿರುವಂತಿಲ್ಲ.

ಈ ಭಯ ನಿರಾಧಾರವೂ ಅಲ್ಲ. 2019ರ ಕೊನೆಯಿಂದ 2020ರ ಆರಂಭದವರೆಗಿನ ಕೆಲವೇ ತಿಂಗಳುಗಳಲ್ಲಿ ನಮ್ಮ ಜಿಲ್ಲೆಯಲ್ಲೇ ಎಳೆಯ ಮಕ್ಕಳೂ ಸೇರಿದಂತೆ ಹಲವರು ಚಿರತೆಗೆ ಬಲಿಯಾದರು. 2022ರ ಅಕ್ಟೋಬರ್‌ನಿಂದ 2023ರ ಜನವರಿಯೊಳಗೆ ತಿ. ನರಸೀಪುರ ತಾಲ್ಲೂಕಿನಲ್ಲಿ ನಾಲ್ವರು ಮೃತಪಟ್ಟರು. ಸಾವುಗಳ ಸರಣಿಯ ನಡುವೆ ಜೀವಹಾನಿ ಪರಿಹಾರ 15 ಲಕ್ಷ ರೂಪಾಯಿಗೆ ಏರಿತು; ಮೈಸೂರಿನಲ್ಲಿ ಚಿರತೆ ಕಾರ್ಯಪಡೆ ರಚನೆಯಾಯಿತು. ಎರಡೂ ಅಗತ್ಯವೇ. ಆದರೆ ಎರಡೂ ಅನಾಹುತ ಸಂಭವಿಸಿದ ನಂತರದ ವೆಚ್ಚಗಳು ಎಂಬುದನ್ನು ಗಮನಿಸಬೇಕು.

2022ರ ರಾಷ್ಟ್ರೀಯ ಅಂದಾಜಿನ ಪ್ರಕಾರ ದೇಶದಲ್ಲಿ 13,874, ಕರ್ನಾಟಕದಲ್ಲಿ 1,879 ಚಿರತೆಗಳಿವೆ. ಈ ಎಣಿಕೆ ಮುಖ್ಯವಾಗಿ ಅರಣ್ಯ ಪ್ರದೇಶಗಳಿಗೆ ಸೀಮಿತ. ಕಲ್ಲುಗುಡ್ಡ, ಪಾಳುಬಿದ್ದ ತೋಟ, ಲಂಟಾನ ಪೊದೆಗಳಲ್ಲಿ ಹಗಲು ಕಳೆದು ರಾತ್ರಿ ಊರಂಚಿಗೆ ಬರುವ ಚಿರತೆ ಆ ಲೆಕ್ಕಕ್ಕೆ ಸೇರಿಲ್ಲ. ಲೆಕ್ಕಪತ್ರದಲ್ಲಿ ತೋರಿಸದ ಮಾತ್ರಕ್ಕೆ ಹೊಣೆಗಾರಿಕೆ ಇಲ್ಲವಾಗುವುದಿಲ್ಲ.

ಚಿರತೆ ಕಂಡೊಡನೆ ಬೋನಿಟ್ಟು ಹಿಡಿದು ದೂರದ ಕಾಡಿಗೆ ಬಿಡಬೇಕೆಂಬುದು ಸಾಮಾನ್ಯ ಬೇಡಿಕೆ. ನೆರೆಯ ಮಹಾರಾಷ್ಟ್ರದ ಕಬ್ಬಿನ ನಾಡಾದ ಜುನ್ನರ್‌ನಲ್ಲಿ 2001ರಿಂದ ಇದನ್ನೇ ಮಾಡಲಾಯಿತು. ಅದಕ್ಕೂ ಮುಂಚೆ ವರ್ಷಕ್ಕೆ ಸರಾಸರಿ ನಾಲ್ಕರಷ್ಟಿದ್ದ ಮನುಷ್ಯರ ಮೇಲಿನ ದಾಳಿಗಳು ಆ ಬಳಿಕ 17ಕ್ಕೆ ಏರಿದವೆಂದು ವಿದ್ಯಾ ಅತ್ರೇಯ ಮತ್ತು ಸಂಗಡಿಗರ ಅಧ್ಯಯನ ದಾಖಲಿಸಿದೆ. ಒಂದು ಚಿರತೆಯನ್ನು ತೆಗೆದರೆ ತೆರವಾದ ನೆಲೆಗೆ ಮತ್ತೊಂದು ಬರುತ್ತದೆ. ಅಪರಿಚಿತ ಸ್ಥಳದಲ್ಲಿ ಬಿಟ್ಟದ್ದು ಅಲ್ಲಿ ತೊಂದರೆ ಕೊಡಬಹುದು. ಕೇಂದ್ರ ಸರ್ಕಾರದ 2011ರ ಮಾರ್ಗಸೂಚಿಯೂ ಕೇವಲ ಕಾಣಿಸಿಕೊಂಡ ಕಾರಣಕ್ಕೆ ಚಿರತೆಯನ್ನು ಹಿಡಿಯುವುದನ್ನು ಒಪ್ಪುವುದಿಲ್ಲ. ಮನುಷ್ಯರ ಮೇಲೆ ಎರಗುವ ಪ್ರಾಣಿಯ ಮಾತು ಬೇರೆ. ಅದನ್ನು ಹಿಡಿಯಲೇಬೇಕು, ತಡಮಾಡಬಾರದು.

ಹಾಗಾದರೆ ಕರ್ತವ್ಯವೇನು? ಚಿರತೆಯನ್ನು ಊರಿಗೆ ಸೆಳೆಯುವುದು ಬೀದಿನಾಯಿ ಮತ್ತು ಭದ್ರತೆಯಿಲ್ಲದ ಕುರಿ, ಮೇಕೆ, ಕರುಗಳು. ಕೋಳಿ ಹಾಗೂ ಮಾಂಸದ ಅಂಗಡಿಗಳ ತ್ಯಾಜ್ಯ ರಸ್ತೆ ಬದಿಗೆ ಬಿದ್ದರೆ ನಾಯಿಗಳು ಸೇರುತ್ತವೆ, ನಾಯಿಗಳ ಹಿಂದೆ ಚಿರತೆ. ಇಲ್ಲಿ ವರ್ತಕ ಸಮುದಾಯದ ಪಾಲು ನೇರವಾಗಿಯೇ ಇದೆ.

ನಮ್ಮ ಸಂಸ್ಥೆಯು ನಾಲ್ಕು ಕಾರ್ಯಗಳನ್ನು ಕೈಗೆತ್ತಿಕೊಳ್ಳಬಹುದು. ಮೊದಲನೆಯದು, ಪುರಸಭೆ, ನಗರಸಭೆಗಳೊಡನೆ ಸೇರಿ ಮಾಂಸತ್ಯಾಜ್ಯದ ವಿಲೇವಾರಿಗೆ ಖಚಿತ ವ್ಯವಸ್ಥೆ. ಎರಡನೆಯದು, ಘಟಕಗಳ ಸುತ್ತಲಿನ ಪೊದೆ ಸವರಿಸಿ, ದೀಪ ಹಾಕಿಸಿ, ನಸುಕಿನ ಪಾಳಿಯ ಕಾರ್ಮಿಕರು ಗುಂಪಾಗಿ ಬರಲು ವಾಹನದ ಏರ್ಪಾಡು. ಮೂರನೆಯದು, ಚಿರತೆಯ ಓಡಾಟವಿರುವ ಗ್ರಾಮಗಳ ಪಂಪ್‌ಸೆಟ್ಟುಗಳಿಗೆ ಹಗಲಿನಲ್ಲೇ ತ್ರೀಫೇಸ್ ವಿದ್ಯುತ್ ನೀಡುವಂತೆ ಬೆಸ್ಕಾಂಗೆ ಮನವಿ. ನಾಲ್ಕನೆಯದು, ಬಡ ಕುರಿಗಾರರಿಗೆ ಮೇಲ್ಭಾಗವೂ ಮುಚ್ಚಿದ ತಂತಿಬಲೆಯ ದೊಡ್ಡಿ ಕಟ್ಟಿಕೊಳ್ಳಲು ನೆರವು.

ಪರಿಹಾರದ ವಿಷಯದಲ್ಲೂ ನಮ್ಮ ವೃತ್ತಿಯವರು ಉಪಯುಕ್ತರಾಗಬಲ್ಲೆವು. ಕುರಿ ಸತ್ತಾಗ ಕಳೇಬರವನ್ನು ಸ್ಥಳದಿಂದ ಸರಿಸದೆ ಅರಣ್ಯ ಇಲಾಖೆಗೆ ತಿಳಿಸುವುದು, ಮಹಜರು, ಪಶುವೈದ್ಯರ ವರದಿ, ಛಾಯಾಚಿತ್ರ, ಬ್ಯಾಂಕ್ ವಿವರಗಳನ್ನು ಜೋಡಿಸುವುದು ಓದುಬರಹ ಬಾರದ ಕುರಿಗಾರನಿಗೆ ಸುಲಭವಲ್ಲ. ಪರಿಹಾರ ವಿಳಂಬವಾದಷ್ಟೂ ಕಳೇಬರಕ್ಕೆ ವಿಷ ಬೆರೆಸುವ, ಉರುಳು ಹಾಕುವ ಯೋಚನೆ ಬಲಿಯುತ್ತದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಜೈಲುಶಿಕ್ಷೆಗೆ ಗುರಿಯಾಗುವ ಅಪರಾಧ. ವಾರಕ್ಕೊಂದು ದಿನ ಸಂಸ್ಥೆಯ ಕಚೇರಿಯಲ್ಲಿ ಅರ್ಜಿ ತುಂಬಿಕೊಡುವ ಸೇವೆಗೆ ಖರ್ಚು ಅತ್ಯಲ್ಪ.

ಯಾವ ಕಾರ್ಯಕ್ರಮವೇ ಆಗಲಿ, ವರ್ಷಾಂತ್ಯದಲ್ಲಿ ಅದರ ಲೆಕ್ಕ ಸಿಗಬೇಕು. ಎಷ್ಟು ಬೋನು ಇಡಲಾಯಿತು ಎಂಬುದು ಅಳತೆಗೋಲಲ್ಲ. ಎಷ್ಟು ಕುರಿ ಉಳಿದವು, ಎಷ್ಟು ಅರ್ಜಿ ಎಷ್ಟು ದಿನದಲ್ಲಿ ಇತ್ಯರ್ಥವಾದವು, ಒಂದೂ ಜೀವಹಾನಿ ಆಗಲಿಲ್ಲವೇ ಎಂಬುದೇ ಅಳತೆಗೋಲು. ವ್ಯಾಪಾರಿಯು ಗೋದಾಮಿಗೆ ಬೆಂಕಿ ಬಿದ್ದ ಮೇಲೆ ವಿಮೆ ಮಾಡಿಸಲು ಹೊರಡುವುದಿಲ್ಲ. ಅದೇ ವಿವೇಕವನ್ನು ಈ ವಿಷಯದಲ್ಲೂ ತೋರಿ, ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಇದಕ್ಕೆಂದೇ ಉಪಸಮಿತಿಯೊಂದನ್ನು ರಚಿಸಬೇಕೆಂದು ಕೋರುತ್ತೇನೆ.