ಬೆಲ್ಟ್ ಕಿರುಚಿದ್ರೆ ಹಾಡಿನ ಸೌಂಡ್ ಜಾಸ್ತಿ ಮಾಡ್ಬೇಡಿ (ಭಾಗ 4)

ಫೋಟೋದಲ್ಲಿರೋದು ಹಾವಿನ ಪೊರೆ ಅಲ್ಲ ಮಾರಾಯ್ರೆ, ನಮ್ಮ ಕಾರಿನ ಡ್ರೈವ್ ಬೆಲ್ಟು. ಯಡಿಯೂರು ದಾಟಿದ ಮೇಲೆ ಕಿತ್ತು ಬಂದಿದ್ದು. ಹಿಂದಿನ ಸೀಟಲ್ಲಿ ಅಜ್ಜಿ ಇದ್ರು, ಮಾರನೇ ದಿನ ಬೆಂಗಳೂರಲ್ಲಿ ಅವರಿಗೆ ಕಣ್ಣಿನ ಆಪರೇಷನ್.

ಅದಕ್ಕೂ ಮೂರು ವಾರ ಮುಂಚಿನಿಂದ ಬೆಳಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಕೀಚ್ ಅಂತ ಕಿರುಚ್ತಿತ್ತು. ಒಂದು ಗ್ಯಾರೇಜಲ್ಲಿ ಅದೇನೋ ಸ್ಪ್ರೇ ಹೊಡೆದು 150 ರೂಪಾಯಿ ತಗೊಂಡ್ರು. ಎರಡು ದಿನ ಗಪ್‌ಚಿಪ್, ಆಮೇಲೆ ಮತ್ತೆ ಅದೇ ರಾಗ. ಆಗ ಹಾಡಿನ ಸೌಂಡ್ ಜಾಸ್ತಿ ಮಾಡಿದ್ದು ಯಾರು ಗೊತ್ತಾ? ನಾನೇ.

ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ: ಸ್ಪ್ರೇ ರಿಪೇರಿ ಅಲ್ಲ, ಬಾಯಿ ಮುಚ್ಚಿಸೋದು ಅಷ್ಟೇ. ಇನ್ನೊಂದು, ಸೀಟ್ ಕವರಿಗೆ ಆರು ಸಾವಿರ ಕೊಡೋ ನಾವು ಬಾನೆಟ್ ಎತ್ತಿ ಎರಡು ನಿಮಿಷ ನೋಡಲ್ಲ, ಅದು ಸೋಮಾರಿತನ.

ಈ ಒಂದು ಬೆಲ್ಟ್ ಎಂಜಿನ್ನಿನ ತಿರುಗುವ ಶಕ್ತಿಯನ್ನ ಆಲ್ಟರ್ನೇಟರಿಗೆ, ಎಸಿ ಕಂಪ್ರೆಸರಿಗೆ, ನಮ್ಮ ಕಾರಲ್ಲಿ ಪವರ್ ಸ್ಟೀರಿಂಗ್ ಪಂಪಿಗೆ ಮತ್ತು ವಾಟರ್ ಪಂಪಿಗೂ ಹಂಚುತ್ತೆ. ಅದು ಹೋದ್ರೆ ಎಲ್ಲಾ ಒಟ್ಟಿಗೆ ಹೋಗುತ್ತೆ. ಅವತ್ತು ಮೊದಲು ಬ್ಯಾಟರಿ ಲೈಟ್ ಹತ್ತಿತು, ಸ್ಟೀರಿಂಗ್ ಕಲ್ಲಾಯ್ತು, ಟೆಂಪರೇಚರ್ ಮುಳ್ಳು ಮೇಲೇರೋಕೆ ಶುರುವಾಯ್ತು. "ಇನ್ನೊಂದು ಐದು ಕಿಲೋಮೀಟರ್ ಹೋಗೋಣ" ಅಂತ ನಾನಂದೆ. ಅಪ್ಪ ಕೇಳಲಿಲ್ಲ, ಸೈಡಿಗೆ ಹಾಕಿ ಆಫ್ ಮಾಡಿದ್ರು. ಎಂಜಿನ್ ಉಳಿದಿದ್ದು ಅದರಿಂದ.

ಟೋಯಿಂಗ್ ಮಾಡಿಸಿ ಬೇರೊಬ್ಬ ಮೆಕ್ಯಾನಿಕ್ ಹತ್ರ ಹೋದ್ವಿ. ಅವರು ಹೊಸ ಬೆಲ್ಟ್ ಹಾಕೋ ಮೊದಲು ಒಂದೊಂದು ಪುಲ್ಲಿಯನ್ನೂ ಕೈಯಲ್ಲಿ ತಿರುಗಿಸಿದ್ರು. ಐಡ್ಲರ್ ಪುಲ್ಲಿ ಗರಗರ ಅಂತು, ಒಳಗಿನ ಬೇರಿಂಗ್ ಹೋಗಿತ್ತು. ಅಸಲಿ ಕಳ್ಳ ಅದೇ! ಬರೀ ಬೆಲ್ಟ್ ಹಾಕಿದ್ರೆ ಹೊಸದನ್ನೂ ತಿಂತಿತ್ತು. ಅಣ್ಣನ್ನ ಕರೆದು ತೋರಿಸಿದ್ರು, ಟಾರ್ಚ್ ಹಿಡ್ಕೊಂಡು ನಿಂತಿದ್ದು ಮಾತ್ರ ನಾನು. ಪರವಾಗಿಲ್ಲ, ಕಲಿತಿದ್ದು ನಾನೇ.

ನೀವು ನೋಡೋವಾಗ ಎಂಜಿನ್ ಆಫ್ ಇರ್ಲಿ, ಕೀ ಜೇಬಲ್ಲಿ. ಹಳೇ ಬೆಲ್ಟುಗಳಲ್ಲಿ ಬಿರುಕು ಕಾಣ್ತಿತ್ತು. ಈಗಿನವು ಇಪಿಡಿಎಂ ಅನ್ನೋ ರಬ್ಬರಿನವು, ಬಿರುಕು ಬಿಡದೇ ಟೈರಿನ ಹಾಗೆ ಸವೆಯುತ್ತೆ. "ಚೆನ್ನಾಗೇ ಇದೆಯಲ್ಲ" ಅಂತ ಮೋಸ ಹೋಗೋದು ಇಲ್ಲೇ. ಗಾಡಿಯ ಗೆರೆ ಗೆರೆ ಇರೋ ಭಾಗ ನೋಡಿ: ಪಕ್ಕೆ ಸವೆದು ಚೂಪಾಗಿದ್ಯಾ, ಅಂಚು ನೂಲು ಬಿಟ್ಟಿದ್ಯಾ, ಎಣ್ಣೆ ಅಥವಾ ಕೂಲಂಟ್ ಹತ್ತಿದ್ಯಾ? ಹತ್ತಿದ್ರೆ ಮೊದಲು ಲೀಕ್ ಸರಿ ಮಾಡಿಸಿ, ಆಮೇಲೆ ಬೆಲ್ಟ್.

ಸದ್ದಿನ ಮೂಲ ಹಿಡಿಯೋಕೆ ಮೆಕ್ಯಾನಿಕ್‌ಗಳದ್ದೊಂದು ಉಪಾಯ ಇದೆ. ಎಂಜಿನ್ ಓಡುವಾಗ ಬೆಲ್ಟಿನ ಗೆರೆಗಳ ಮೇಲೆ ಸ್ವಲ್ಪ ನೀರು ಸಿಂಪಡಿಸ್ತಾರೆ. ಸದ್ದು ಹೆಚ್ಚಾದ್ರೆ ಬೆಲ್ಟ್ ಸಡಿಲ, ಜಾರ್ತಿದೆ. ಒಂದು ಕ್ಷಣ ನಿಂತು ಮತ್ತೆ ಬಂದ್ರೆ ಪುಲ್ಲಿಗಳು ಒಂದೇ ಸಾಲಲ್ಲಿಲ್ಲ. ಇದನ್ನ ಅವರ ಕೈಯಲ್ಲೇ ಮಾಡಿಸಿ. ದುಪಟ್ಟಾ, ಜಡೆ, ಬೆರಳು ಯಾವುದೂ ತಿರುಗೋ ಬೆಲ್ಟಿನ ಹತ್ರ ಹೋಗಬಾರದು.

ಬಿಕಾಂ ಬುದ್ಧಿ ಬಿಡಲ್ಲ, ಲೆಕ್ಕ ಹಾಕಿದೆ. ಬೆಲ್ಟ್ ಮತ್ತು ಐಡ್ಲರ್ ಸೇರಿ 2,100. ಟೋಯಿಂಗ್ 4,500. ಅಜ್ಜಿಯ ಆಪರೇಷನ್ ಹದಿನೈದು ದಿನ ಮುಂದಕ್ಕೆ ಹೋಯ್ತು, ಅದನ್ನ ಯಾವ ಲೆಡ್ಜರಲ್ಲಿ ಬರೀಲಿ?

ಟೈಮಿಂಗ್ ಬೆಲ್ಟ್ ಬೇರೆ ಕಥೆ, ಭಾಗ 5ರಲ್ಲಿ. ಅಲ್ಲಿವರೆಗೆ, ನಿಮ್ಮನೆ ಕಾರಿನ ಡ್ರೈವ್ ಬೆಲ್ಟ್ ಕೊನೆಗೆ ಬದಲಾಯಿಸಿದ್ದು ಯಾವಾಗ ಅಂತ ಕೇಳಿ ಕಾಮೆಂಟಲ್ಲಿ ಹಾಕಿ. "ಗೊತ್ತಿಲ್ಲ" ಅಂದ್ರೆ ಅದನ್ನೂ ಹಾಕಿ.