ಕಪಾಟಿನ ದೀಪಕ್ಕೆ ತೂತು ಕೊರೆಯುವ ಮುನ್ನ

ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿಯ ಓದುಗರೊಬ್ಬರಿಗೆ ಒಂದು ಗೊಂದಲ. ಹೊಸ ಮನೆಯ ಅಡುಗೆ ಕಟ್ಟೆಯ ಮೇಲ್ಗಡೆ ಪ್ಲೈವುಡ್ ಕಪಾಟು ಸಿದ್ಧವಾಗುತ್ತಿದೆ. ಅದರ ತಳಕ್ಕೆ ಆರು ಪುಟ್ಟ ಗುಂಡು ದೀಪಗಳನ್ನು ಹುದುಗಿಸಬೇಕು. ಜಿಗ್ ಸಾದಲ್ಲಿ ಕತ್ತರಿಸಿದರೆ ಆಯಿತು ಎಂದು ಆಚಾರ್ರು ಹೇಳುತ್ತಾರೆ. ಹೋಲ್ ಸಾ ತಂದುಕೊಡಿ ಎಂದು ಎಲೆಕ್ಟ್ರಿಷಿಯನ್ ಹೇಳುತ್ತಾರೆ. ಎಲ್ಲ ಅಳತೆಗೂ ಇದೊಂದೇ ಸಾಕು ಎಂದು ಅಂಗಡಿಯವರು ಸರ್ಕಲ್ ಕಟರ್ ಮುಂದಿಡುತ್ತಾರೆ. ಯಾರ ಮಾತು ಕೇಳುವುದು?

ಇದೆಲ್ಲ ಬರೀ ಷೋಕಿ ಎಂದು ಮೂಗು ಮುರಿಯುವವರಿದ್ದಾರೆ. ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪ ಬೆಳಗಿದ್ದು 1905ರಲ್ಲಿ. ಅದಾಗಿ ನೂರಿಪ್ಪತ್ತು ವರ್ಷ ದಾಟಿದರೂ ನಮ್ಮ ಅಡುಗೆಮನೆಯಲ್ಲಿ ದೀಪ ಇರುವುದು ಸಾಮಾನ್ಯವಾಗಿ ಬೆನ್ನ ಹಿಂದೆ. ಕಟ್ಟೆಗೆ ಮುಖ ಮಾಡಿ ನಿಂತರೆ ನಮ್ಮ ನೆರಳು ನಮ್ಮ ಈಳಿಗೆಮಣೆಯ ಮೇಲೆಯೇ ಬೀಳುತ್ತದೆ. ಮೇಲೊಂದು ಕಪಾಟು ಬಂದರಂತೂ ಕತ್ತಲು ಇನ್ನಷ್ಟು. ಅಕ್ಕಿಯ ಕಲ್ಲು ಆರಿಸುವ, ರಾಗಿಹಿಟ್ಟಿನ ಹುಳ ನೋಡುವ ಅರವತ್ತು ದಾಟಿದ ಕಣ್ಣಿಗೆ ಕಪಾಟಿನ ಕೆಳಗಿನ ದೀಪ ಷೋಕಿಯಲ್ಲ, ಕನ್ನಡಕದಷ್ಟೇ ಅಗತ್ಯ.

ಈಗ ಪ್ರಶ್ನೆಗೆ ಬರೋಣ. ಉಪಕರಣ ಕೊಳ್ಳುವ ಮೊದಲು ದೀಪ ಕೊಳ್ಳಿ. ನಮ್ಮಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಮೊದಲು ತೂತು, ಆಮೇಲೆ ಆ ತೂತಿಗೆ ಹೊಂದುವ ದೀಪಕ್ಕಾಗಿ ಎಸ್.ಪಿ. ರಸ್ತೆಯೆಲ್ಲ ಅಲೆದಾಟ! ದೀಪದ ಪೆಟ್ಟಿಗೆಯ ಮೇಲೆ ‘ಕಟ್ ಔಟ್’ ಎಂದು ಒಂದು ಅಳತೆ ಮುದ್ರಿಸಿರುತ್ತಾರೆ. 55 ಮಿ.ಮೀ., 60 ಮಿ.ಮೀ. ಹೀಗೆ. ಕೊರೆಯಬೇಕಾದ್ದು ಅಷ್ಟೇ. ದೀಪದ ಹೊರಬಳೆಯ ಅಳತೆ ನೋಡಿ ಕೊರೆದರೆ ಕೆಟ್ಟಿತು. ಬಳೆ ಮುಚ್ಚುವುದು ತೂತಿನ ಸುತ್ತ ಕೆಲವೇ ಮಿಲಿಮೀಟರ್. ಸಣ್ಣ ತೂತನ್ನು ಉಪ್ಪು ಕಾಗದ ಸುತ್ತಿದ ಕೋಲಿನಿಂದ ಉಜ್ಜಿ ಹಿಗ್ಗಿಸಬಹುದು. ದೊಡ್ಡದಾದದ್ದನ್ನು ಕುಗ್ಗಿಸುವ ವಿದ್ಯೆ ಯಾವ ಆಚಾರ್ರ ಬಳಿಯೂ ಇಲ್ಲ.

ದೀಪದ ಆಳವನ್ನೂ ಅಳೆಯಿರಿ. ಕಪಾಟಿನ ತಳದ ಹಲಗೆ ಸಾಮಾನ್ಯವಾಗಿ 18 ಮಿ.ಮೀ. ದಪ್ಪ. ದೀಪ ಅದಕ್ಕಿಂತ ಆಳವಾಗಿದ್ದರೆ ಬೆನ್ನು ಕಪಾಟಿನೊಳಗೆ ಇಣುಕುತ್ತದೆ. ಅದರ ಮೇಲೆ ಸ್ಟೀಲ್ ಡಬ್ಬಿ ಕೂರಿಸುವಂತಿಲ್ಲ. ಅಂಥ ಕಡೆ ತಳದ ಕೆಳಗೆ ಪಟ್ಟಿ ಕೊಟ್ಟು ಇನ್ನೊಂದು ತೆಳು ಹಲಗೆ ಹೊಡೆಸಿದರೆ ದೀಪವೂ ವೈರೂ ನಡುವಿನ ಸಂದಿಯಲ್ಲಿ ಅಡಗುತ್ತವೆ.

ಇನ್ನು ಉಪಕರಣಗಳು. ಹೋಲ್ ಸಾ ಎಂದರೆ ಬಾಯಂಚಿಗೆ ಗರಗಸದ ಹಲ್ಲಿರುವ ಲೋಟ. ನಡುವೆ ದಾರಿ ತೋರುವ ಒಂದು ಡ್ರಿಲ್ ಬಿಟ್. ಒಂದೇ ಅಳತೆಯ ಆರು ತೂತಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಹತ್ತಾರು ಬಳೆಗಳಿರುವ ಅಗ್ಗದ ಸೆಟ್ ನೋಡಿ ಮರುಳಾಗಬೇಡಿ. ಅವು ಮೆದು ಮರಕ್ಕೆ ಸರಿ, ಗಡುಸಾದ ಸನ್‌ಮೈಕದ ಮೇಲೆ ಬೇಗ ಮೊಂಡಾಗುತ್ತವೆ. ನಿಮಗೆ ಬೇಕಾದ ಒಂದೇ ಅಳತೆಯ ಬೈಮೆಟಲ್ ಅಥವಾ ಕಾರ್ಬೈಡ್ ಹಲ್ಲಿನ ಹೋಲ್ ಸಾ ಕೊಳ್ಳಿ. ಅದರ ಕಾಂಡ ನಿಮ್ಮ ಡ್ರಿಲ್‌ನ ಚಕ್‌ಗೆ ಹಿಡಿಸುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿ. ಕೆಲವಕ್ಕೆ 10 ಮಿ.ಮೀ. ಚಕ್ ಸಾಲದು, 13 ಮಿ.ಮೀ. ಬೇಕು.

ಬಾಗಿಲ ಕೀಲು ಕೂರಿಸಲು ಬಳಸುವ 35 ಮಿ.ಮೀ. ಬಿಟ್ ಕಪಾಟು ಮಾಡುವ ಆಚಾರ್ರ ಪೆಟ್ಟಿಗೆಯಲ್ಲಿ ಇದ್ದೇ ಇರುತ್ತದೆ. ಅಷ್ಟೇ ಅಳತೆಯ ಕಿರುದೀಪ ಆರಿಸಿದರೆ ಹೊಸದೇನೂ ಕೊಳ್ಳಬೇಕಿಲ್ಲ.

ಜಿಗ್ ಸಾ ಯಾವ ಅಳತೆಗೂ ಬರುತ್ತದೆ, ನಿಜ. ಆದರೆ ಎರಡು ಅಂಗುಲದ ಪುಟ್ಟ ವೃತ್ತದಲ್ಲಿ ತಿರುಗುವಾಗ ಬ್ಲೇಡು ಬಾಗುತ್ತದೆ. ಮೇಲೆ ಗುಂಡಗಿರುವ ತೂತು ಕೆಳಗೆ ಮೊಟ್ಟೆಯಾಕಾರ ತಾಳುತ್ತದೆ. ಸಾಮಾನ್ಯ ಬ್ಲೇಡಿನ ಹಲ್ಲು ಮೇಲ್ಮುಖವಾಗಿರುವುದರಿಂದ ಸನ್‌ಮೈಕ ಚಕ್ಕೆ ಏಳುವುದು ಮೇಲಿನ ಮೈಯಲ್ಲಿ. ಹಾಗಾಗಿ ಅದನ್ನೇ ಬಳಸುವುದಾದರೆ ಕಾಣದ ಕಡೆಯಿಂದ ಕತ್ತರಿಸಬೇಕು. ದೀಪ ದೊಡ್ಡದಾಗಿದ್ದರೆ, ಚೌಕವಾಗಿದ್ದರೆ ಜಿಗ್ ಸಾವೇ ಸರಿ.

ಸರ್ಕಲ್ ಕಟರ್ ವಿಷಯದಲ್ಲಿ ಮಾತ್ರ ಖಡಾಖಂಡಿತವಾಗಿ ಬೇಡ ಎನ್ನುತ್ತೇನೆ. ಒಂದು ಕಡೆಗೆ ಚಾಚಿದ ತೋಳಿನ ತುದಿಯಲ್ಲಿ ಅಲಗು ಗಿರಗಿರನೆ ಸುತ್ತುವ ಸಾಧನ ಅದು. ಹಲಗೆಯನ್ನು ಬಿಗಿದು, ನೆಲೆನಿಂತ ಡ್ರಿಲ್ ಪ್ರೆಸ್‌ನಲ್ಲಿ ನಿಧಾನ ವೇಗದಲ್ಲಿ ಬಳಸಬೇಕಾದ್ದು. ಕೈ ಡ್ರಿಲ್‌ಗೆ ಸಿಕ್ಕಿಸಿದರೆ ಸಿಕ್ಕಿಕೊಂಡ ಕ್ಷಣದಲ್ಲಿ ಮಣಿಕಟ್ಟೇ ತಿರುಚಿಹೋದೀತು.

ಕಪಾಟು ಗೋಡೆಗೇರುವ ಮುನ್ನ, ನೆಲದ ಮೇಲಿರುವಾಗಲೇ ತೂತು ಕೊರೆಸುವುದು ಜಾಣತನ. ಮುಂದಿನ ಅಂಚಿಗೆ ಹತ್ತಿರವಾಗಿ, ಒಳಗಿನ ಅಡ್ಡಗೋಡೆಗೆ ತಾಕದಂತೆ ಗುರುತು ಹಾಕಿ. ಮೊದಲು ಹಳೆಯ ಪ್ಲೈವುಡ್ ತುಂಡಿನಲ್ಲಿ ಒಂದು ತೂತು ಕೊರೆದು ದೀಪ ಕೂರಿಸಿ ನೋಡಿ. ಡ್ರಿಲ್‌ನ ಹ್ಯಾಮರ್ ಗುಂಡಿ ಬಂದ್ ಇರಲಿ, ವೇಗ ನಿಧಾನವಿರಲಿ. ಕಾಣುವ ಕಡೆಯಿಂದ ಶುರುಮಾಡಿ, ನಡುವಿನ ಬಿಟ್ ಆಚೆ ಇಣುಕಿದೊಡನೆ ನಿಲ್ಲಿಸಿ, ಹಲಗೆ ತಿರುಗಿಸಿ ಅದೇ ರಂಧ್ರದಿಂದ ಮುಗಿಸಿ. ಎರಡೂ ಕಡೆ ಅಂಚು ಚೊಕ್ಕಟ. ಹೊಗೆಯ ವಾಸನೆ ಬಂದರೆ ವೇಗ ಹೆಚ್ಚಾಗಿದೆ ಅಥವಾ ಹಲ್ಲಿನಲ್ಲಿ ಪುಡಿ ಕಟ್ಟಿದೆ ಎಂದರ್ಥ, ತೆಗೆದು ಬಿಡಿಸಿಕೊಳ್ಳಿ. ‘ಅವಸರವೇ ಅಪಘಾತಕ್ಕೆ ಕಾರಣ’ ಎಂಬ ಮಾತು ಬಸ್ಸಿಗಷ್ಟೇ ಅಲ್ಲ.

ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇರಲಿ. ಡ್ರಿಲ್‌ಗೆ ಪಕ್ಕದ ಹಿಡಿ ಸಿಕ್ಕಿಸಿ ಎರಡೂ ಕೈಯಲ್ಲಿ ಹಿಡಿಯಿರಿ. ಹೋಲ್ ಸಾವೂ ಒಮ್ಮೊಮ್ಮೆ ಸಿಕ್ಕಿಕೊಂಡು ಒದೆಯುತ್ತದೆ. ಸುತ್ತುವ ಯಂತ್ರದ ಹತ್ತಿರ ಕೈಗವಸು, ತೂಗಾಡುವ ಸೆರಗು, ಟವೆಲ್ಲು ಬೇಡ. ಗೋಡೆಗೇರಿದ ಕಪಾಟಾದರೆ ಹಿಂದೆ ವೈರು, ನೀರಿನ ಪೈಪು ಇಲ್ಲವೆಂದು ಖಾತ್ರಿ ಮಾಡಿಕೊಂಡು ಆ ಭಾಗದ ಮೇನ್ ಸ್ವಿಚ್ ಆರಿಸಿಯೇ ಕೈಹಾಕಿ. ಎಲ್‌ಇಡಿ ದೀಪ ಹಿಂದಿನ ಹ್ಯಾಲೊಜೆನ್‌ನಂತೆ ಮರ ಸುಡುವಷ್ಟು ಕಾಯುವುದಿಲ್ಲ. ಆದರೂ ಅದರ ಡ್ರೈವರ್‌ಗೆ ಗಾಳಿ ಬೇಕು. ಹಾಳೆ, ಬಟ್ಟೆಯ ನಡುವೆ ತುರುಕದೆ, ಮುಂದೆ ಕೆಟ್ಟಾಗ ಕೈಗೆ ಸಿಗುವಂತೆ ಇಡಿಸಿ. ವೈರಿಂಗ್ ಕೆಲಸ ಎಲೆಕ್ಟ್ರಿಷಿಯನ್ನರಿಗೇ ಬಿಡಿ.

ಅಲ್ಲಿಗೆ ಅನುಗೊಂಡನಹಳ್ಳಿಯವರಿಗೆ ಉತ್ತರ ಸಿಕ್ಕಿತು: ಆರು ಗುಂಡು ದೀಪಕ್ಕೆ ಒಂದೇ ಒಂದು ಒಳ್ಳೆಯ ಹೋಲ್ ಸಾ, ಅದೂ ದೀಪ ಮನೆಗೆ ಬಂದ ಮೇಲೆ. ಇನ್ನೊಂದು ಮಾತು. ಹೋಲ್ ಸಾದಿಂದ ಉದುರುವ ಬಿಲ್ಲೆಗಳನ್ನು ಎಸೆಯಬೇಡಿ. ನಡುವೆ ಸರಿಯಾಗಿ ಒಂದೊಂದು ತೂತು ಬಿದ್ದೇ ಇರುತ್ತದೆ. ಅಂಚು ಉಜ್ಜಿ, ಎರಡು ಕಡ್ಡಿ ತೂರಿಸಿದರೆ ಮನೆಯ ಮಗುವಿನ ಗಾಡಿಗೆ ನಾಲ್ಕು ಚಕ್ರ. ಮಿಕ್ಕ ಎರಡು ಸ್ಟೆಪ್ನಿ!