ಮೊದಲು ಬಳ್ಳಾರಿ, ಆಮೇಲೆ ಬೆಂಗಳೂರು!



ಬೇಸಿಗೆ ರಜೆ ಬಂತೆಂದರೆ ನಮ್ಮ ಸಿರುಗುಪ್ಪ, ಕುರುಗೋಡು ಕಡೆಯ ಮನೆಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ. "ಬಳ್ಳಾರ್ಯಾಗ ಏನೈತಿ ನೋಡಾಕ? ಹುಡುಗನಿಗೆ ಬೆಂಗಳೂರು ತೋರಿಸಿಕೊಂಡು ಬರೋಣ." 2021ರಲ್ಲಿ ಜಿಲ್ಲೆ ಇಬ್ಭಾಗವಾಗಿ ಹಂಪಿಯು ಹೊಸ ವಿಜಯನಗರ ಜಿಲ್ಲೆಗೆ ಸೇರಿದ ಮೇಲಂತೂ ಈ ಮಾತಿಗೆ ಇನ್ನಷ್ಟು ಬಲ ಬಂದಿದೆ. ಇದ್ದೊಂದು ಹಂಪಿಯೂ ಹೋಯಿತಂತೆ. ಇನ್ನು ನಮಗೆ ಉಳಿದದ್ದು ಬಿಸಿಲು, ಧೂಳು ಮತ್ತು ಬಂಡೆಗಳಂತೆ!

ಈ ಮಾತನ್ನು ನಾನು ಒಪ್ಪುವುದಿಲ್ಲ. ಒಪ್ಪದಿರುವುದಷ್ಟೇ ಅಲ್ಲ, ಇದರಿಂದ ನಮ್ಮ ಮಕ್ಕಳಿಗೆ ಅನ್ಯಾಯವಾಗುತ್ತಿದೆ ಎಂದು ನಂಬಿದ್ದೇನೆ. ಐದಾರು ವರ್ಷದ ಮಗುವನ್ನು ಮೂರು ದಿನದಲ್ಲಿ ಹತ್ತು ಜಾಗಗಳಿಗೆ ಎಳೆದಾಡುವ ಬೆಂಗಳೂರು ಪ್ರವಾಸವು ಮಗುವಿಗೆ ಮಾಡುವ ಉಪಕಾರವೇ ಅಲ್ಲ. ನಮ್ಮ ಸೀಮೆಯ ಮಗು ಮೊದಲು ನೋಡಬೇಕಾದ ದೊಡ್ಡ ಊರು ಬಳ್ಳಾರಿ. ಅದನ್ನೂ ಒಂದು ದಿನಕ್ಕೆ ಒಂದೇ ಜಾಗದಂತೆ, ಮಗುವಿನ ಕಾಲಿಗೆ ಹೊಂದುವ ವೇಗದಲ್ಲಿ ನೋಡಬೇಕು. ನಾನು ಹೇಳಹೊರಟಿರುವುದು ಇಷ್ಟೇ. ಇನ್ನು ಕಾರಣಗಳನ್ನು ಕೇಳಿ.

ಈ ಪ್ರವಾಸಗಳು ಹೇಗೆ ನಡೆಯುತ್ತವೆ ಎಂಬುದು ನಿಮಗೆ ತಿಳಿಯದ್ದೇನಲ್ಲ. ರಾತ್ರಿ ಬಳ್ಳಾರಿಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಾಗುವಷ್ಟರಲ್ಲಿ ಬೆಂಗಳೂರು. ಲಾಡ್ಜಿನಲ್ಲಿ ಅವಸರದ ಸ್ನಾನ, ತಿಂಡಿ. ಅಲ್ಲಿಂದ ಲಾಲ್‌ಬಾಗು, ದೊಡ್ಡ ಬಸವನ ಗುಡಿ, ಕಬ್ಬನ್ ಪಾರ್ಕು, ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ, ಸಂಜೆಗೆ ಒಂದು ಮಾಲು. ಮರುದಿನ ಬನ್ನೇರುಘಟ್ಟ, ಮೆಟ್ರೋ, ಮತ್ತೊಂದು ಮಾಲು. ಎಲ್ಲ ಕಡೆ ಮಗುವನ್ನು ನಿಲ್ಲಿಸಿ ಒಂದು ಫೋಟೋ. "ನಗು, ನಗು" ಎಂದು ಗದರುವ ಧ್ವನಿ. ಮಧ್ಯಾಹ್ನ ಮಲಗುವ ಅಭ್ಯಾಸವಿರುವ ಮಗು ವಸ್ತುಸಂಗ್ರಹಾಲಯದ ಯಂತ್ರಗಳ ನಡುವೆ ಅಪ್ಪನ ಹೆಗಲ ಮೇಲೆ ನಿದ್ದೆ ಹೋಗಿರುತ್ತದೆ. ಎಬ್ಬಿಸಿದರೆ ಅಳು, ಅತ್ತರೆ ಏಟು. "ಇಷ್ಟು ದುಡ್ಡು ಖರ್ಚು ಮಾಡಿ ಕರ್ಕೊಂಡು ಬಂದೀವಿ, ನೋಡವಲ್ಲದು" ಎಂಬ ದೂರು ಬೇರೆ!

ರೈಲ್ವೆಯವರು ಕೂಡ ಮಗುವನ್ನು ಅದರ ವಯಸ್ಸಿನಿಂದ ಅಳೆಯುತ್ತಾರೆ. ಐದು ತುಂಬದ ಮಗುವಿಗೆ ಪ್ರತ್ಯೇಕ ಬರ್ತ್ ಕೇಳದಿದ್ದರೆ ಟಿಕೆಟ್ ಇಲ್ಲ. ಪ್ರವಾಸದ ಪಟ್ಟಿ ಬರೆಯುವ ತಂದೆತಾಯಿಗಳು ಮಾತ್ರ ಮಗುವಿನ ವಯಸ್ಸನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ನಮ್ಮ ಬಂಧುಗಳ ಮನೆಯ ಹುಡುಗನೊಬ್ಬನನ್ನು ಹೀಗೆಯೇ ಕರೆದೊಯ್ದಿದ್ದರು. ಬಂದ ಮೇಲೆ "ಏನೇನು ನೋಡಿದೆಯಪ್ಪಾ?" ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, "ಲಾಡ್ಜಿನಾಗ ಲಿಫ್ಟ್ ಇತ್ತು ತಾತ, ನಾಕು ಸಲ ಹತ್ತಿದ್ವಿ" ಎಂದ. ತಂದೆಗೆ ಕೋಪ ಬಂತು, ತಾಯಿಗೆ ಅವಮಾನವಾಯಿತು. ನನಗೆ ಮಾತ್ರ ಆ ಉತ್ತರ ಬಹಳ ಸರಿಯೆನಿಸಿತು. ಅಷ್ಟೂ ದಿನಗಳಲ್ಲಿ ಅವನಿಗೆ ಮತ್ತೆ ಮತ್ತೆ ನೋಡಲು ಸಿಕ್ಕಿದ್ದು ಆ ಲಿಫ್ಟ್ ಒಂದೇ. ಮೊದಲ ಸಲ ಹೆದರಿದ್ದ, ಎರಡನೆಯ ಸಲ ಗುಂಡಿ ಒತ್ತಿದ್ದ, ಮೂರನೆಯ ಸಲ ಅಂಕೆಗಳನ್ನು ಓದಿದ್ದ, ನಾಲ್ಕನೆಯ ಸಲ ತಂಗಿಗೆ ಹೇಳಿಕೊಟ್ಟಿದ್ದ. ಚಿಕ್ಕ ಮಕ್ಕಳು ಕಲಿಯುವುದು ಹೀಗೆಯೇ. ಒಂದನೆಯ ತರಗತಿಗೆ ಅಕ್ಷರ ಕಲಿಸಿದ ಯಾವ ಉಪಾಧ್ಯಾಯರನ್ನು ಬೇಕಾದರೂ ಕೇಳಿ ನೋಡಿ; 'ಅ' ತಿದ್ದಿದ ಮಗುವಿಗೆ ಅದೇ ದಿನ 'ಕ್ಷ' ತೋರಿಸುವವರು ಉಪಾಧ್ಯಾಯರೇ ಅಲ್ಲ.

"ಜ್ಞಾನ ಹೆಚ್ಚುತ್ತದೆ ಸಾರ್" ಎನ್ನುವವರಿದ್ದಾರೆ. ಹೆಚ್ಚಲಿ, ನನಗೂ ಅದೇ ಬೇಕು. ಆದರೆ ಬೆಂಗಳೂರಿನಲ್ಲಿ ತೋರಿಸುವುದೇನು ಎಂದು ಒಮ್ಮೆ ನೋಡೋಣ.

ಲಾಲ್‌ಬಾಗಿನ ಬಂಡೆ. ಸುಮಾರು 300 ಕೋಟಿ ವರ್ಷ ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ನೋಡತಕ್ಕದ್ದೇ. ಆದರೆ ಅದನ್ನು ಹತ್ತಿಸುವ ತಂದೆಯು ತನ್ನ ಮಗುವನ್ನು ಬಳ್ಳಾರಿ ಗುಡ್ಡದ ಬುಡಕ್ಕೂ ಕರೆದೊಯ್ದಿರುವುದಿಲ್ಲ! ಪಟ್ಟಣದ ನಡುವೆ ಎದ್ದು ನಿಂತ ಅಷ್ಟು ದೊಡ್ಡ ಬಂಡೆಯನ್ನು ನಾವು ಬಸ್ಸಿನ ಕಿಟಕಿಯಿಂದ ನೋಡಿ ಮುಖ ತಿರುಗಿಸುತ್ತೇವೆ.

ಲಾಲ್‌ಬಾಗನ್ನು 1760ರಲ್ಲಿ ಆರಂಭಿಸಿದವನು ಹೈದರಾಲಿ. ಅದೇ ಹೈದರಾಲಿಯೇ ಬಳ್ಳಾರಿಯ ಕೆಳಕೋಟೆಯನ್ನು ಕಟ್ಟಿಸಿದವನು. ಮೇಲುಕೋಟೆ ಅದಕ್ಕೂ ಹಿಂದಿನದು, ಪಾಳೆಯಗಾರ ಹನುಮಪ್ಪ ನಾಯಕನ ಕಾಲದ್ದು. ಕೋಟೆ ಕಟ್ಟಿಸಿದ ಫ್ರೆಂಚ್ ಇಂಜಿನಿಯರನನ್ನು ಹೈದರಾಲಿ ಗಲ್ಲಿಗೇರಿಸಿದ ಕಥೆಯನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಪಕ್ಕದ ಕುಂಬಾರ ಗುಡ್ಡ ಕೋಟೆಯ ಗುಡ್ಡಕ್ಕಿಂತ ಎತ್ತರವಿದೆ, ಅಲ್ಲಿಂದ ಶತ್ರುಗಳು ತೋಪು ಹಾರಿಸಬಹುದು ಎಂಬುದು ತಡವಾಗಿ ಗೊತ್ತಾಯಿತಂತೆ. ಇದು ದಂತಕಥೆಯೇ ಇರಬಹುದು. ಆದರೆ ಮಗುವನ್ನು ಕೋಟೆಯ ಮೇಲೆ ನಿಲ್ಲಿಸಿ "ಯಾವ ಗುಡ್ಡ ಎತ್ತರ, ನೀನೇ ಹೇಳು" ಎಂದು ಕೇಳಿ ನೋಡಿ. ಅದು ಕಣ್ಣಿನಲ್ಲೇ ಅಳತೆ ಮಾಡಲು ಆರಂಭಿಸುತ್ತದೆ.

ಇನ್ನು ಬಸವನಗುಡಿಯ ದೊಡ್ಡ ಬಸವಣ್ಣ. ಕುರುಗೋಡಿನಿಂದ 300 ಕಿ.ಮೀ.ಗೂ ಹೆಚ್ಚು ದೂರ ಹೋಗಿ ದೊಡ್ಡ ಬಸವನನ್ನು ನೋಡಿಬಂದೆವೆಂದು ಹೇಳುವವರನ್ನು ಕಂಡರೆ ನಗಬೇಕೋ ಅಳಬೇಕೋ ತಿಳಿಯದು. ಕುರುಗೋಡಿನಲ್ಲಿಯೇ ದೊಡ್ಡಬಸವೇಶ್ವರನಿದ್ದಾನೆ, ಒಂದೇ ಕಲ್ಲಿನ ಬೃಹತ್ ಬಸವ. ಒಂದು ಕಾಲದಲ್ಲಿ ಸಿಂದ ಅರಸರ ರಾಜಧಾನಿಯಾಗಿದ್ದ ಊರು ಅದು. ರಥೋತ್ಸವದ ದಿನ ಹೆಗಲ ಮೇಲೆ ಕೂತು ತೇರು ನೋಡುವ ಮಗುವಿಗೆ, ಜನವಿಲ್ಲದ ಒಂದು ಮುಂಜಾನೆ ಆ ಬಸವನ ಸುತ್ತ ನಿಧಾನವಾಗಿ ನಡೆದು, ಕೊರಳ ಗಂಟೆಸರವನ್ನು ನೋಡಿ ಎಣಿಸಲು ಹೇಳಿದ್ದೀರಾ?

ಸಂಗನಕಲ್ಲಿನ ವಿಷಯ ಇನ್ನೂ ದೊಡ್ಡದು. ಬಳ್ಳಾರಿಗೆ ಅಂಟಿಕೊಂಡಂತಿರುವ ಸಂಗನಕಲ್ಲು–ಕಪ್ಪಗಲ್ಲು ಗುಡ್ಡಗಳಲ್ಲಿ ನಾಲ್ಕೈದು ಸಾವಿರ ವರ್ಷಗಳ ಹಿಂದೆ ಜನ ದನ ಸಾಕಿಕೊಂಡು ಬಾಳುತ್ತಿದ್ದರು, ಕಲ್ಲಿನ ಕೊಡಲಿಗಳನ್ನು ರಾಶಿರಾಶಿಯಾಗಿ ತಯಾರಿಸುತ್ತಿದ್ದರು. ಅವರು ಬಂಡೆಗಳ ಮೇಲೆ ಕುಟ್ಟಿ ಬಿಡಿಸಿದ ಎತ್ತುಗಳು ಇಂದಿಗೂ ಇವೆ. ಬಡಿದರೆ ಗಂಟೆಯಂತೆ ನಾದ ಹೊಮ್ಮಿಸುವ ಕಪ್ಪು ಬಂಡೆಗಳಿವೆ. ಇವನ್ನು ನೋಡಲು ಜಗತ್ತಿನ ಬೇರೆ ಬೇರೆ ವಿಶ್ವವಿದ್ಯಾಲಯಗಳ ವಿದ್ವಾಂಸರು ಬಂದುಹೋಗಿದ್ದಾರೆ. ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಪುರಾತತ್ವ ವಸ್ತುಸಂಗ್ರಹಾಲಯವೇ ಇದೆ. ಸಿರುಗುಪ್ಪದವರು ಅಷ್ಟು ದೂರವೂ ಹೋಗಬೇಕಿಲ್ಲ; ತಮ್ಮದೇ ತಾಲ್ಲೂಕಿನ ತೆಕ್ಕಲಕೋಟೆಯ ಗುಡ್ಡದಲ್ಲಿ 1960ರ ದಶಕದಲ್ಲಿ ಎಂ. ಎಸ್. ನಾಗರಾಜರಾವ್ ಮತ್ತು ಕೆ. ಸಿ. ಮಲ್ಹೋತ್ರಾ ಅವರು ಉತ್ಖನನ ನಡೆಸಿ, ಗುಂಡುಕಲ್ಲುಗಳ ನಡುವೆ ವಾಸಿಸಿದ ನವಶಿಲಾಯುಗದ ಜನರ ನೆಲೆಯನ್ನು ಹೊರತೆಗೆದರು.

ಇದಕ್ಕೆ ಬರುವ ಆಕ್ಷೇಪಗಳನ್ನೂ ಬಲ್ಲೆ.

ಮೊದಲನೆಯದು, ಬಿಸಿಲು. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಮಗುವನ್ನು ಕೋಟೆ ಹತ್ತಿಸುವುದು ಅವಿವೇಕ, ಖಂಡಿತ ಹತ್ತಿಸಬೇಡಿ. ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಎಷ್ಟು ಭಾನುವಾರಗಳಿಲ್ಲ? ಬೆಳಗಿನ ಏಳು ಗಂಟೆಗೆ ಹತ್ತಿ ಹತ್ತರೊಳಗೆ ಇಳಿಯಬಹುದು.

ಎರಡನೆಯದು, ಮಕ್ಕಳಿಗೆ ಬೇಕಾದ ಮೋಜು ಇಲ್ಲ ಎಂಬುದು. ಸಿರುಗುಪ್ಪಕ್ಕೆ ರೈಲು ಮಾರ್ಗವಿಲ್ಲ. ಅಲ್ಲಿಯ ಮಗುವಿಗೆ ಬಳ್ಳಾರಿ ಜಂಕ್ಷನ್ನಿನ ಪ್ಲಾಟ್‌ಫಾರಂ ಟಿಕೆಟ್ ಒಂದೇ ಸಾಕು. ಗೂಡ್ಸ್ ಗಾಡಿಯ ಡಬ್ಬಿಗಳನ್ನು ಎಣಿಸುತ್ತ ಅಂಕಿಗಳನ್ನು ತಾನೇ ಕಲಿಯುತ್ತದೆ. ಆಮೇಲೆ ಒಂದು ತಟ್ಟೆ ಒಗ್ಗರಣೆ, ಅದರ ಜೊತೆ ಮಿರ್ಚಿ (ಖಾರ ನಿಮಗೆ, ಮಂಡಕ್ಕಿ ಮಗುವಿಗೆ!). ಪ್ರಾಣಿಗಳೇ ಬೇಕೆಂದರೆ ಇನ್ನೊಂದು ದಿನ ಕಮಲಾಪುರದ ಅಟಲ್ ಬಿಹಾರಿ ವಾಜಪೇಯಿ ಮೃಗಾಲಯಕ್ಕೆ ಹೋಗಿ. ಖರ್ಚಿನ ಮಾತು ಎತ್ತಲೇಬೇಡಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಬಸ್ಸಿನಲ್ಲಿ ತಾಯಿಗೆ ಟಿಕೆಟ್ ದುಡ್ಡಿಲ್ಲ. ಸಿರುಗುಪ್ಪದಿಂದ ಬಳ್ಳಾರಿ ಸುಮಾರು 55 ಕಿ.ಮೀ., ಕುರುಗೋಡಿನಿಂದ 30 ಕಿ.ಮೀ. ಆಸುಪಾಸು. ಹಾಗಾಗಿ ಒಂದು ಸಲವಲ್ಲ, ಹತ್ತು ಸಲ ಹೋಗಬಹುದು. ಆ ಹತ್ತು ಸಲವೇ ಇಲ್ಲಿನ ಲಾಭ.

ಮೂರನೆಯ ಆಕ್ಷೇಪ ಗಟ್ಟಿಯಾದದ್ದು. "ಹಳ್ಳಿಯ ಮಕ್ಕಳು ಹಳ್ಳಿಯಲ್ಲೇ ಇರಲಿ ಎನ್ನುತ್ತೀರಾ? ದೊಡ್ಡ ಊರು ನೋಡದಿದ್ದರೆ ಹಿಂಜರಿಕೆ ಹೋಗುವುದು ಹೇಗೆ?" ಎಂದು ನನ್ನ ಶಿಷ್ಯರೇ ಕೇಳಿದ್ದಾರೆ. ಉತ್ತರ ಹೇಳುತ್ತೇನೆ. ಬೆಂಗಳೂರು ನೋಡಬೇಕು, ಹತ್ತು ವರ್ಷ ತುಂಬಿದ ಮೇಲೆ. ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಯಂತ್ರಗಳು, ನೆಹರೂ ತಾರಾಲಯದ ಆಕಾಶ ಅರ್ಥವಾಗುವ ವಯಸ್ಸು ಅದು. ಆದರೆ ಹಿಂಜರಿಕೆ ಹುಟ್ಟುವುದು ಬೆಂಗಳೂರು ನೋಡದ್ದರಿಂದಲ್ಲ. "ನಮ್ಮ ಊರಲ್ಲಿ ಏನೂ ಇಲ್ಲ" ಎಂದು ಮನೆಯ ಹಿರಿಯರು ದಿನವೂ ಹೇಳುವುದರಿಂದ. ಲಾಲ್‌ಬಾಗಿನ ಬಂಡೆಯ ಮೇಲೆ ನಿಂತು "ಇದು ನಮ್ಮ ಬಳ್ಳಾರಿ ಗುಡ್ಡಕ್ಕಿಂತ ಸಣ್ಣದು" ಎನ್ನಬಲ್ಲ ಹುಡುಗಿ ಯಾರೆದುರೂ ತಲೆತಗ್ಗಿಸುವುದಿಲ್ಲ. ಹೊಟೇಲಿನಲ್ಲಿ ಅನ್ನದ ತಟ್ಟೆ ಮುಂದಿಟ್ಟಾಗ "ನಮ್ಮ ಸಿರುಗುಪ್ಪದ ಕಡೆಯ ಗದ್ದೆಯಲ್ಲಿ ತುಂಗಭದ್ರೆಯ ನೀರಿಗೆ ಬೆಳೆಯುವುದೂ ಇದೇ" ಎಂದು ಹೇಳಬಲ್ಲವಳಿಗೆ ದೊಡ್ಡ ಊರಿನ ಭಯವೆಲ್ಲಿ?

ಈ ವಿಷಯವನ್ನು ನಾನು ಇಷ್ಟು ಕಟುವಾಗಿ ಬರೆಯಲು ಮತ್ತೊಂದು ಕಾರಣವಿದೆ. ನಮ್ಮ ಜಿಲ್ಲೆಯಲ್ಲಿ ಗುಡ್ಡವೆಂದರೆ ಅದಿರು, ಇಲ್ಲವೇ ಜಲ್ಲಿ. ಸಂಗನಕಲ್ಲು–ಕಪ್ಪಗಲ್ಲಿನ ಗುಡ್ಡಗಳಿಗೂ ಕಲ್ಲುಗಣಿಯ ಹಾವಳಿ ತಟ್ಟಿದ್ದನ್ನು ಪುರಾತತ್ವಜ್ಞರು ಎರಡು ದಶಕಗಳ ಹಿಂದೆಯೇ ಬರೆದು ಎಚ್ಚರಿಸಿದ್ದರು. ಸಾವಿರಾರು ವರ್ಷ ಉಳಿದ ಎತ್ತಿನ ಚಿತ್ರವನ್ನು ಒಂದು ಸಿಡಿಮದ್ದು ಒಂದು ಕ್ಷಣದಲ್ಲಿ ಮುಗಿಸಬಲ್ಲುದು. ಆಗ ಬೇಡವೆಂದು ತಡೆಯುವವರು ಯಾರು? ಆ ಎತ್ತನ್ನು ಐದನೆಯ ವಯಸ್ಸಿನಲ್ಲಿ ಅಪ್ಪನ ಕೈಹಿಡಿದು ನೋಡಿದವರೇ ತಡೆಯಬೇಕು. ನಾವು ಮಕ್ಕಳಿಗೆ ತೋರಿಸದೇ ಬಿಟ್ಟರೆ, ಮುಂದೆ ತೋರಿಸುತ್ತೇವೆಂದರೂ ಅದು ಇರಲಾರದು.

ಆಳುವವರಿಗೂ ಒಂದು ಮಾತು. ಮಗುವನ್ನು ಕರೆತರುವ ಸಂಸಾರಕ್ಕೆ ಬೇಕಾದುದು ಬಣ್ಣದ ದೀಪಗಳಲ್ಲ. ಕುಡಿಯುವ ನೀರು, ನೆರಳು, ಶುಚಿಯಾದ ಶೌಚಾಲಯ ಮತ್ತು ಎರಡನೆಯ ತರಗತಿಯ ಮಗು ತಾನೇ ಓದಬಹುದಾದ ದಪ್ಪಕ್ಷರದ ಕನ್ನಡ ಫಲಕ. ಈ ನಾಲ್ಕು ಇರುವಂತೆ ಪ್ರತಿಯೊಂದು ಸ್ಥಳದಲ್ಲೂ ನೋಡಿಕೊಳ್ಳಲಿ.

ಬೆಂಗಳೂರು, ಹೈದರಾಬಾದುಗಳಲ್ಲಿ ನೆಲೆಸಿರುವ ಶಿಷ್ಯರಿಗೆ ಇದೇ ಮಾತನ್ನು ತಿರುಗಿಸಿ ಹೇಳುತ್ತೇನೆ. ರಜೆಗೆ ಊರಿಗೆ ಬಂದಾಗ ಮಕ್ಕಳ ಕೈಗೆ ಮೊಬೈಲು ಕೊಟ್ಟು ಮನೆಯಲ್ಲಿ ಕೂರಿಸಬೇಡಿ. ಒಂದು ಬೆಳಿಗ್ಗೆ, ಒಂದು ಗುಡ್ಡ, ಒಂದು ಬುತ್ತಿ, ಅಷ್ಟು ಸಾಕು. ಮಗು ಇರುವೆಯ ಸಾಲಿನ ಮುಂದೆ ಅರ್ಧ ಗಂಟೆ ಕುಳಿತರೆ ನೀವೂ ಕುಳಿತುಕೊಳ್ಳಿ. ಕೋಟೆಯ ಅರ್ಧಕ್ಕೇ ದಣಿದರೆ ಅಲ್ಲಿಂದಲೇ ಇಳಿಯಿರಿ. ಮುಂದಿನ ಸಲ ಅದೇ ನಿಮ್ಮನ್ನು ತುದಿಯವರೆಗೆ ಎಳೆದೊಯ್ಯುತ್ತದೆ.

ಎಲ್ಲರಿಗೂ, ವಿಶೇಷವಾಗಿ ಮನೆಯ ಮಕ್ಕಳಿಗೆ, ಶುಭವಾಗಲಿ.